ಹೆಸರಿನಿಂದ ವಸ್ತು: ಒಂದು ವಿಮರ್ಶೆ

ನಮ್ಮ ವ್ಯಾಕರಣಗಳು ನಾಮಪದಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ವಿಂಗಡಿಸುತ್ತವೆ. ದಾಂಡೇಲಿಯ ಸಮೀಪದ ಕೋಗಿಲಬನವೆಂಬ ಹೆಸರು ಅರ್ಥದಿಂದ ಕೋಗಿಲೆಗಳ ವನವನ್ನು ಸೂಚಿಸಿದರೂ ವ್ಯವಹಾರದಲ್ಲಿ ಅಂಕಿತನಾಮವೇ. ಅದನ್ನು ಉಚ್ಚರಿಸಿದ ಮಾತ್ರಕ್ಕೆ ಕೋಗಿಲೆಗಳು ಬರಲಾರವು. ಆದರೆ ಜಾಲತಾಣದ ಕ್ರಮವಿಧಿಗಳಲ್ಲಿ ಉಚ್ಚಾರದಿಂದಲೇ ವಸ್ತುವನ್ನು ಹುಟ್ಟಿಸುವ ಪದ್ಧತಿಯೊಂದುಂಟು. ಅದರ ಗುಣದೋಷಗಳನ್ನು ಇಲ್ಲಿ ವಿಚಾರಿಸುತ್ತೇವೆ.

ಪಿ.ಎಚ್.ಪಿ. ಭಾಷೆಯಲ್ಲಿ ‘ನ್ಯೂ’ ಎಂಬ ಪದದ ಮುಂದೆ ಕ್ಲಾಸಿನ ಹೆಸರನ್ನೇ ಬರೆಯಬೇಕೆಂಬ ನಿರ್ಬಂಧವಿಲ್ಲ. ಆ ಹೆಸರನ್ನು ಹೊತ್ತ ಚರಪದವನ್ನಿಟ್ಟರೂ ಸಾಕು. ಜಾವಾದಲ್ಲಿ ‘ಕ್ಲಾಸ್.ಫಾರ್‌ನೇಮ್’ ಇದಕ್ಕೆ ಸಮಾನವಾದ ಸೌಕರ್ಯ. ಗ್ರಂಥಸೂಚಿಯೊಂದರಲ್ಲಿ ಗದ್ಯ, ಪದ್ಯ, ನಾಟಕಗಳಿಗೆ ಬೇರೆ ಬೇರೆ ಕ್ಲಾಸುಗಳಿದ್ದರೆ, ‘ಹೀಗಾದರೆ ಇದು, ಹಾಗಾದರೆ ಅದು’ ಎಂಬ ಉದ್ದದ ಸರಣಿ ಇದರಿಂದ ತಪ್ಪುತ್ತದೆ. ನಾಳೆ ಪ್ರಬಂಧವೆಂಬ ಕ್ಲಾಸು ಸೇರಿದರೂ ಹಳೆಯ ಬರೆಹವನ್ನು ತಿದ್ದಬೇಕಾಗಿಲ್ಲ. ಈ ಗುಣವನ್ನು ಅಲ್ಲಗಳೆಯಲಾಗದು.

ಆದರೆ ಮೊದಲನೆಯ ದೋಷ ನಮ್ಮ ಲಿಪಿಯಲ್ಲಿಯೇ ಎದುರಾಗುತ್ತದೆ. ಪಿ.ಎಚ್.ಪಿ.ಯಲ್ಲಿ ಕ್ಲಾಸಿಗೆ ‘ಕೋಗಿಲಬನ’ವೆಂದು ಕನ್ನಡದಲ್ಲಿಯೇ ಹೆಸರಿಡಬಹುದು. ಅದರ ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ, ಮೂರು ಬಿಡಿಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯೂನಿಕೋಡಿನ ನಿಯಮದಂತೆಯೂ ಅವು ಸಮಾನ. ಆದರೆ ಪಿ.ಎಚ್.ಪಿ. ಹೋಲಿಸುವುದು ಬೈಟುಗಳನ್ನು, ಆದುದರಿಂದ ಒಂದು ರೂಪದಲ್ಲಿಟ್ಟ ಹೆಸರನ್ನು ಇನ್ನೊಂದು ರೂಪದಲ್ಲಿ ಕರೆದರೆ ಅಂತಹ ಕ್ಲಾಸೇ ಇಲ್ಲವೆಂಬ ಉತ್ತರ ಬರುತ್ತದೆ.

ಎರಡನೆಯದು ಇದಕ್ಕಿಂತ ಗುರುತರವಾದುದು. ಹೆಸರು ಹೊರಗಿನವನ ಕೋರಿಕೆಯಿಂದ ನೇರವಾಗಿ ಬಂದರೆ, ಯಾವ ವಸ್ತು ಹುಟ್ಟಬೇಕೆಂಬ ಅಧಿಕಾರವೂ ಅವನಿಗೆ ಸಲ್ಲುತ್ತದೆ. ವಸ್ತು ಹುಟ್ಟುವಾಗಲೇ ಅದರ ರಚನಾವಿಧಿಯು ನಡೆದುಹೋಗುವುದರಿಂದ ಅನಂತರದ ಪರೀಕ್ಷೆ ತಡವಾದ ಪರೀಕ್ಷೆ. 2021ರ ಡಿಸೆಂಬರಿನಲ್ಲಿ ಬಯಲಾದ ‘ಲಾಗ್‌ಫೋರ್‌ಜೆ’ ದೌರ್ಬಲ್ಯವು ಇದರ ಸಮೀಪದ ಜಾತಿಯದು: ದಾಖಲೆಗೆಂದು ಬಂದ ಪಠ್ಯದೊಳಗಿನ ವಿಳಾಸವನ್ನು ಕ್ರಮವಿಧಿಯು ಕರೆಯೆಂದು ತಿಳಿದು, ದೂರದ ಯಂತ್ರದಿಂದ ಕ್ಲಾಸನ್ನು ತರಿಸಿ ನಡೆಸುವ ಅವಕಾಶವಿತ್ತು.

ಪರಿಹಾರವು ಸರಳ. ಬಂದ ಹೆಸರನ್ನು ಮೊದಲು ಒಂದೇ ಯೂನಿಕೋಡ್ ರೂಪಕ್ಕೆ ತರಬೇಕು; ಬಳಿಕ ಅನುಮತಿಸಿದ ಹೆಸರುಗಳ ಪಟ್ಟಿಯಲ್ಲಿ ನೋಡಬೇಕು; ಅಲ್ಲಿ ನಮೂದಿಸಿದ ಕ್ಲಾಸನ್ನು ಮಾತ್ರ ರಚಿಸಬೇಕು. ಹೊಸ ಕ್ಲಾಸಿಗೊಮ್ಮೆ ಪಟ್ಟಿಗೆ ಒಂದು ಸಾಲು ಸೇರಿಸಬೇಕಾದರೆ ಪದ್ಧತಿಯ ಸೌಕರ್ಯವೇ ಕುಂದಿತಲ್ಲವೆ ಎಂದು ಆಕ್ಷೇಪಿಸಬಹುದು. ಕುಂದುವುದು ನಿಜ, ಆದರೆ ಆ ಒಂದು ಸಾಲು ಬರೆಹಗಾರನ ಸಮ್ಮತಿಯ ಗುರುತು. ಅಂಕಿತನಾಮಕ್ಕೆ ಬಲ ಬರುವುದು ಧ್ವನಿಯಿಂದಲ್ಲ, ಇಟ್ಟವರ ಒಪ್ಪಂದದಿಂದ. ಕ್ರಮವಿಧಿಯ ವಿದ್ಯಾರ್ಥಿಗಳು ಈ ವಿವೇಕವನ್ನು ಮರೆಯಬಾರದೆಂಬುದೇ ನಮ್ಮ ಅಭಿಪ್ರಾಯ.