‘ಕಪ್ಪು ಶಿಲೀಂಧ್ರ’ವೆಂಬ ಹೆಸರು: ಒಂದು ಪರಾಮರ್ಶೆ

೨೦೨೧ರ ಮೇ ತಿಂಗಳಿನಲ್ಲಿ, ಕೋವಿಡ್‌ನ ಎರಡನೆಯ ಅಲೆಯ ಬೆನ್ನಿಗೇ ಬಂದ ಮ್ಯೂಕರ್‌ಮೈಕೋಸಿಸ್ ರೋಗವನ್ನು ನಮ್ಮ ಪತ್ರಿಕೆಗಳು ‘ಕಪ್ಪು ಶಿಲೀಂಧ್ರ’ವೆಂದು ಕರೆದವು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಆ ವರ್ಷದ ಚರಿತ್ರೆಯನ್ನು ಬರೆಯಹೊರಡುವವರು ಈ ಹೆಸರನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ತಿಪ್ಪೆಯಲ್ಲಿಯೂ ಹಳಸಿದ ರೊಟ್ಟಿಯ ಮೇಲೆಯೂ ಬೆಳೆಯುವ ಬೂಷ್ಟಿನ ಬಳಗಕ್ಕೆ ಸೇರಿದ ಜೀವಿಯಿದು. ರೊಟ್ಟಿಯ ಮೇಲಿನ ಕರಿಯ ಚುಕ್ಕೆಗಳು ಅದರ ಬೀಜಕೋಶಗಳು. ದೇಹದೊಳಗೆ ಹಬ್ಬುವ ತಂತುಗಳಿಗಾದರೋ ಬಣ್ಣವಿಲ್ಲ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಲ್ಲಿ, ಸ್ಟೀರಾಯ್ಡ್‌ಗಳಿಂದ ರಕ್ಷಣಾಶಕ್ತಿ ಕುಗ್ಗಿದವರಲ್ಲಿ ಅದು ಮೂಗನ್ನು ಹೊಕ್ಕು ರಕ್ತನಾಳಗಳನ್ನು ಮುಚ್ಚುತ್ತದೆ. ರಕ್ತವಿಲ್ಲದೆ ಸತ್ತ ಮಾಂಸವೇ ಕಪ್ಪಾಗುವುದು. ಮೊದಲಿಗೆ ಮೂಗಿನ ಒಳಪೊರೆ ಬಿಳಿಚಿಕೊಂಡಿರುವುದೂ ಉಂಟು! ೧೮೮೫ರಲ್ಲಿ ಈ ರೋಗವನ್ನು ವರ್ಣಿಸಿದ ಪಾಲ್ಟೌಫ್ ಇಟ್ಟ ಹೆಸರಿನಲ್ಲಿ ಬಣ್ಣದ ಮಾತಿಲ್ಲ. ೨೦೨೧ರಲ್ಲಿ ಬಿಳಿ, ಹಳದಿ ಶಿಲೀಂಧ್ರಗಳ ಸುದ್ದಿಯೂ ಹೊರಟಾಗ, ಬಣ್ಣದ ಹೆಸರುಗಳು ಗೊಂದಲಕ್ಕೆಡೆಯೆಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಅಂದಿನ ನಿರ್ದೇಶಕ ರಣದೀಪ್ ಗುಲೇರಿಯಾ ಅವರು ಎಚ್ಚರಿಸಿದ್ದರು. ಆ ಎಚ್ಚರಿಕೆಗೆ ಸಲ್ಲಬೇಕಾದ ಗಮನ ಸಲ್ಲಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಕಪ್ಪನ್ನೇ ನಿರೀಕ್ಷಿಸುವವನು ಕಾಣದೆ ಹೋಗುವ ಲಕ್ಷಣಗಳು ಹಲವು. ಕೆನ್ನೆ ಜೋಮು ಹಿಡಿಯುವುದು, ಮೇಲ್ದವಡೆಯ ಗಟ್ಟಿ ಹಲ್ಲುಗಳು ಅಲುಗುವುದು, ಅಂಗುಳಿನಲ್ಲಿ ಹುಣ್ಣು, ರೆಪ್ಪೆ ಇಳಿಬೀಳುವುದು. ಅಪರೂಪವಾಗಿ ಕಿವಿಗೂ ವ್ಯಾಪಿಸುವುದು, ಬಾಯಿ ಸೊಟ್ಟಗಾಗುವುದು. ಹಲ್ಲು ಅಲುಗಿದವನು ದಂತವೈದ್ಯರಲ್ಲಿಗೆ ಹೋಗುತ್ತಾನೆ. ಬಾಯಿ ಸೊಟ್ಟಗಾದವನಿಗೆ ಲಕ್ವ ಹೊಡೆಯಿತೆಂದು ಮನೆಯವರು ತಿಳಿಯುತ್ತಾರೆ. ದಿನಗಳು ಕಳೆದರೆ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು.

ಚರಿತ್ರಕಾರನ ತೊಡಕೂ ಇಲ್ಲಿಯೇ ಇದೆ. ಈ ರೋಗದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿಮಾಡಿಸುವಂತೆ ಕೇಂದ್ರ ಆರೋಗ್ಯ ಸಚಿವಾಲಯವು ೨೦೨೧ರ ಮೇ ೨೦ರಂದು ರಾಜ್ಯಗಳಿಗೆ ತಿಳಿಸಿತು. ಆದರೆ ವರದಿಗೆ ಬರುವವರು ರೋಗವೆಂದು ಗುರುತಿಸಲ್ಪಟ್ಟವರು ಮಾತ್ರ. ಮೇಲಾಗಿ ಈ ನಾಲ್ಕು ತಾಲ್ಲೂಕುಗಳ ರೋಗಿಗಳು ಒಂದೆಡೆ ಸೇರುವವರಲ್ಲ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರು ಸಮೀಪ. ನಾಗಮಂಗಲದವರಿಗೆ ತಾಲ್ಲೂಕಿನೊಳಗೇ ಬಿ.ಜಿ. ನಗರದ ವೈದ್ಯಕೀಯ ಕಾಲೇಜಿದೆ. ಕೃಷ್ಣರಾಜಪೇಟೆಯವರಿಗೆ ಮೈಸೂರು, ಮಂಡ್ಯ, ಹಾಸನ ಮೂರೂ ಉಂಟು. ಆದುದರಿಂದ ಮಂಡ್ಯ ಜಿಲ್ಲೆಯ ಅಂಕಿಗಳನ್ನಷ್ಟೇ ಹಿಡಿದು ತೀರ್ಮಾನಕ್ಕೆ ಬರುವುದು ಯುಕ್ತವಲ್ಲ. ಆ ತಿಂಗಳುಗಳ ಕಿವಿ-ಮೂಗು-ಗಂಟಲು ವಿಭಾಗದ ದಾಖಲೆಗಳೊಡನೆ ದಂತ, ನೇತ್ರ ವಿಭಾಗಗಳ ದಾಖಲೆಗಳನ್ನೂ ಕೂಡಿಸಿ ನೋಡಬೇಕು. ಹಳ್ಳಿಗಳಲ್ಲಿ ವಿಚಾರಿಸುವ ವಿದ್ಯಾರ್ಥಿಗಳು ‘ಕಪ್ಪು ಶಿಲೀಂಧ್ರ ಬಂದಿತ್ತೇ?’ ಎಂದು ಕೇಳುವ ಬದಲು, ಕೋವಿಡ್ ವಾಸಿಯಾದ ಮೇಲೆ ಮನೆಯಲ್ಲಿ ಯಾರಿಗಾದರೂ ಕೆನ್ನೆ ಜೋಮು ಹಿಡಿದಿತ್ತೇ, ಹಲ್ಲು ಅಲುಗಿತ್ತೇ ಎಂದು ಕೇಳುವುದು ಲೇಸು.