ದೊಡ್ಡಸ್ವಾಮಿಯವರ ದಪ್ಪ ಪುಸ್ತಕ, ತೆಳು ಪುಸ್ತಕ

ಜಾತಿ, ಮಡಿ-ಮೈಲಿಗೆ ಬಗ್ಗೆ ಇಂಗ್ಲಿಷಿನಲ್ಲಿ ವಾದ ಶುರುವಾದರೆ ಯಾರಾದರೊಬ್ಬರು ಅಬ್ಬೆ ದುಬಾಯ್‌ನ ಎಳೆದು ತರ್ತಾರೆ. ‘ಹಿಂದೂ ಮ್ಯಾನರ್ಸ್, ಕಸ್ಟಮ್ಸ್ ಅಂಡ್ ಸೆರಿಮನೀಸ್’ ಇನ್ನೂರು ವರ್ಷ ಕಳೆದರೂ ಅಂಗಡಿಯಲ್ಲಿ ಸಿಗುವ ಪುಸ್ತಕ. ಬರೆದವರು ಶ್ರೀರಂಗಪಟ್ಟಣದ ಪಾದ್ರಿ ಅನ್ನೋದು ಮಾತ್ರ ಆ ದಾರಿಯಲ್ಲಿ ವಾರವಾರ ಮೈಸೂರಿಗೆ ಹೋಗಿಬರುವ ಬಹಳಷ್ಟು ಜನಕ್ಕೆ ಗೊತ್ತಿಲ್ಲ.

ಫ್ರಾನ್ಸಿನ ದುಬಾಯ್ 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಹಡಗು ಹತ್ತಿದರು. ಮೊದಲು ತಮಿಳು ಸೀಮೆ. 1799ರಲ್ಲಿ ಟಿಪ್ಪು ಸತ್ತ ಮೇಲೆ, ಚೆದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಶ್ರೀರಂಗಪಟ್ಟಣಕ್ಕೆ ಬಂದರು. ಪಕ್ಕದ ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಅಂತ ಹೆಸರು ಬಿದ್ದದ್ದೇ ಹೈದರ್-ಟಿಪ್ಪು ಪರ ನಿಂತಿದ್ದ ಫ್ರೆಂಚ್ ಸೈನಿಕರಿಂದ. ಈಗ ಅದೇ ಸೀಮೆಗೆ, ಇಂಗ್ಲಿಷರ ಒಪ್ಪಿಗೆ ಪಡೆದು ಬಂದವರು ಒಬ್ಬ ಫ್ರೆಂಚ್ ಪಾದ್ರಿ! ಇಲ್ಲಿನವರ ಉಡುಗೆ ಉಟ್ಟರು, ಇಲ್ಲಿನ ರೀತಿನೀತಿ ಹಿಡಿದರು. ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದರು. ಜನ ‘ದೊಡ್ಡಸ್ವಾಮಿಯವರು’ ಅಂದರು. ಗಂಜಾಂ ಚರ್ಚನ್ನು ಇವತ್ತಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ.

ಇಷ್ಟು ಹತ್ತಿರದಿಂದ ಕಂಡವರ ಪುಸ್ತಕ ಹೇಗಿರಬೇಕು? ಇಲ್ಲೇ ತೊಡಕು. ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿದರು, ಈಸ್ಟ್ ಇಂಡಿಯಾ ಕಂಪನಿ 2000 ಪಗೋಡ ಕೊಟ್ಟು ಕೊಂಡಿತು, 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆಳಲು ಬಂದ ಅಧಿಕಾರಿಗಳಿಗೆ ಒಂದು ಕೈಪಿಡಿ ಬೇಕಿತ್ತು, ಸಿಕ್ಕಿತು. ಆದರೆ ಅದರಲ್ಲಿ ಬಹುಪಾಲು, ಪಾಂಡಿಚೇರಿಯಲ್ಲಿದ್ದ ಕೂರ್ದೂ ಎಂಬ ಹಿಂದಿನ ತಲೆಮಾರಿನ ಜೆಸ್ವಿಟ್ ಪಾದ್ರಿ ಬರೆದಿಟ್ಟದ್ದು ಅಂತ ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ದುಬಾಯ್ ಕೂರ್ದೂ ಹೆಸರು ಹೇಳಲಿಲ್ಲ.

ಕದ್ದದ್ದು ತಪ್ಪು, ಸರಿ. ನನಗೆ ಅದಕ್ಕಿಂತ ದೊಡ್ಡ ನಷ್ಟ ಅನ್ನಿಸೋದು ಬೇರೆ. ಪುಸ್ತಕದ ನಡುಮನೆಯಲ್ಲಿ ಕೂತಿರೋದು ಬ್ರಾಹ್ಮಣನ ನಾಲ್ಕು ಆಶ್ರಮ, ಸಂಸ್ಕಾರ, ಕರ್ಮ. ಯುದ್ಧ ಮುಗಿದ ಊರಲ್ಲಿ ದುಬಾಯ್ ಯಾರ ಜೊತೆ ದಿನಾ ಬದುಕಿದರೋ ಆ ಜನ ಅಂಚಿನಲ್ಲಿದ್ದಾರೆ. ತಾನು ಕಂಡದ್ದನ್ನು ಬದಿಗಿಟ್ಟು ಇನ್ನೊಬ್ಬರು ಕಂಡದ್ದನ್ನು ದಪ್ಪ ದನಿಯಲ್ಲಿ ಹೇಳೋ ಪುಸ್ತಕ ಅದು.

1823ರಲ್ಲಿ ಬಂದ ತೆಳು ಪುಸ್ತಕ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿ ಕುರಿತ ಪತ್ರಗಳು, ಇದರ ತದ್ವಿರುದ್ಧ. ಇಲ್ಲಿ ದೊಡ್ಡಸ್ವಾಮಿಯವರು ತಮ್ಮದೇ ಲೆಕ್ಕ ಒಪ್ಪಿಸುತ್ತಾರೆ: ಇಪ್ಪತ್ತೈದು ವರ್ಷದ ದುಡಿಮೆಗೆ ಸಿಕ್ಕ ಹೊಸ ಕ್ರೈಸ್ತರು ಇನ್ನೂರು-ಮುನ್ನೂರು, ಅವರಲ್ಲೂ ನಿಜ ನಂಬಿಕೆ ಕಡಿಮೆ. ಹಿಂದೂಗಳನ್ನು ಕ್ರೈಸ್ತರಾಗಿಸೋದು ಆಗದ ಮಾತು ಎಂಬ ತೀರ್ಮಾನ. ಅದೇ ವರ್ಷ ಫ್ರಾನ್ಸಿಗೆ ವಾಪಸಾದರು. 1848ರಲ್ಲಿ ಸಾಯುವವರೆಗೂ ಮತ್ತೆ ಈ ಕಡೆ ಬರಲಿಲ್ಲ.

ಈ ಪುಸ್ತಕಕ್ಕೂ ಕುರುಡಿದೆ. ಸೋಲಿನ ಹೊರೆಯನ್ನು ಬಹುಮಟ್ಟಿಗೆ ಇಲ್ಲಿನ ಜನರ ಮೇಲೇ ಹೊರಿಸುತ್ತಾರೆ. ಮತಾಂತರವನ್ನೇ ಅಳತೆಗೋಲು ಮಾಡಿಕೊಂಡಿದ್ದರಿಂದ, ಸಿಡುಬಿನಿಂದ ಉಳಿದ ಮಕ್ಕಳು ಆ ಲೆಕ್ಕಕ್ಕೆ ಸೇರೋದಿಲ್ಲ. ಆದರೂ ಅಲ್ಲಿರೋ ಬೇಸರ ಎರವಲು ತಂದದ್ದಲ್ಲ.

ಹೊಸ ಊರಿಗೆ ಬಂದು ಆರು ತಿಂಗಳಿಗೇ ‘ಇಲ್ಲಿನ ಜನ ಹೀಗೆ’ ಅಂತ ತೀರ್ಪು ಕೊಡೋರು ಈಗಲೂ ಕಡಿಮೆ ಇಲ್ಲ. ದಪ್ಪ ಪುಸ್ತಕ ಅಂಥವರಿಗೆ ತುಂಬ ಹಿಡಿಸುತ್ತೆ. ದುಬಾಯ್ ಬೇಕೆಂದರೆ ತೆಳು ಪುಸ್ತಕ ಮೊದಲು ಓದಿ.