ಸದಸ್ಯತ್ವ ಸಿಕ್ಕಿತು, ಪುಸ್ತಕ?

ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ 2020ರಲ್ಲಿ ಆರಂಭವಾಯಿತು. ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ತಾಲೂಕುಗಳಿಗೆ ಇದು ಒಳ್ಳೆಯ ಯೋಜನೆಯೇ. ಆದರೆ ಸದಸ್ಯರನ್ನು ಎಣಿಸಿದರೆ ಓದುಗರ ಲೆಕ್ಕ ಸಿಗದು. ಮನೆಗೆ ಹೋಗಿ ಪುಟ ಮಾಸಿ ಮರಳಿದ ಪುಸ್ತಕಗಳನ್ನು ಎಣಿಸಬೇಕು. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಆನಂದಕಂದರು, ಮಲಾಮರಡಿಯಲ್ಲಿ ಬಸವರಾಜ ಕಟ್ಟೀಮನಿ ಹುಟ್ಟಿದರು. ಅವರ ಬರಹ ಅವರದೇ ನೆಲದ ಮಕ್ಕಳ ಕೈಗೆ ಸಿಗಬೇಡವೇ? ಮನೆಯಲ್ಲಿ ಉರ್ದು ಆಡುವ ಮಗುವಿಗೆ ಕನ್ನಡದ ಜೊತೆಗೊಂದು ಉರ್ದು ಕಥೆಪುಸ್ತಕವೂ ಬೇಕು. ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರ ಕಟ್ಟುವ ನಾವು ಇದನ್ನು ಹಕ್ಕಿನಿಂದಲೇ ಕೇಳಬಹುದು. ಆದರೆ ಕುರ್‌ಆನಿನ ಅವತೀರ್ಣವೇ ಓದಿನ ಆದೇಶದಿಂದ ಆರಂಭವಾಯಿತೆಂದು ಹೆಮ್ಮೆಪಡುವ ನಾವು, ಮಗಳನ್ನು ಗ್ರಂಥಾಲಯಕ್ಕೆ ಕರೆದೊಯ್ಯಲು ಯಾವ ಯೋಜನೆಗೆ ಕಾಯುತ್ತಿದ್ದೇವೆ?